ನೊಎರೊಸ್ ಬೇರೆ, ನೊಏತೊಸ್ ಬೇರೆ

ಚಿ. ಮೈತ್ರೇಯಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಗ್ರೀಕ್ ಓದು ಪ್ಲೇಟೋ ಪರಂಪರೆಯ ದಾರ್ಶನಿಕ ಪ್ರೊಕ್ಲಸ್‌ವರೆಗೆ ಬಂದದ್ದು ಕೇಳಿ ಬಹಳ ಸಂತೋಷವಾಯಿತು. ಅಲ್ಲಿ ಪುಟಪುಟಕ್ಕೂ ಸಿಗುವ ‘ನೊಎರೊಸ್’ ಎಂಬ ವಿಶೇಷಣಕ್ಕೆ ‘ಬೌದ್ಧಿಕ’ ಎಂದು ಬರೆದು ಮುಂದೆ ಹೋಗಬೇಡಮ್ಮ. ಪಕ್ಕದಲ್ಲೇ ‘ನೊಏತೊಸ್’ ಇರುತ್ತದೆ; ಎರಡಕ್ಕೂ ಒಂದೇ ಅರ್ಥ ಹಚ್ಚಿದರೆ ಅವನ ವಾದವೇ ಕುಸಿಯುತ್ತದೆ.

ನೊಎರೊಸ್ ಎಂದರೆ ಬುದ್ಧಿಯುಳ್ಳದ್ದು, ಅರಿಯುವಂಥದ್ದು. ನೊಏತೊಸ್ ಎಂದರೆ ಬುದ್ಧಿಗೆ ಗೋಚರವಾಗುವಂಥದ್ದು, ಜ್ಞೇಯ. ಪ್ಲೇಟೋ ‘ರಿಪಬ್ಲಿಕ್’ನ 6ನೇ ಪುಸ್ತಕದಲ್ಲಿ ಕಣ್ಣಿಗೆ ಕಾಣುವ ‘ಹೊರಾತೊನ್’ಗೆ ಎದುರಾಗಿ ನಿಲ್ಲಿಸುವುದು ಈ ‘ನೊಏತೊನ್’ ಅನ್ನೇ. ಪ್ರೊಕ್ಲಸ್ ನೊಏತೊಸ್, ನೊಎರೊಸ್ ಇವೆರಡರ ನಡುವೆ ಇನ್ನೊಂದು ಶ್ರೇಣಿ ಇಡುತ್ತಾನೆ: ಜ್ಞೇಯವೂ ಹೌದು, ಜ್ಞಾತೃವೂ ಹೌದು.

ಇನ್ನು ರೂಪಗಳು. ಸಂಸ್ಕೃತದ ಹಾಗೆ ಇಲ್ಲಿಯೂ ವಿಶೇಷಣ ಲಿಂಗ, ವಚನ, ವಿಭಕ್ತಿಗಳಲ್ಲಿ ನಾಮಪದವನ್ನು ಅನುಸರಿಸುತ್ತದೆ. ನೊಎರೊಸ್, ನೊಎರಾ, ನೊಎರೊನ್. ಆದರೆ ನೊಏತೊಸ್, ನೊಏತೇ, ನೊಏತೊನ್. ಅಥೆನ್ಸಿನ ಉಪಭಾಷೆಯಾದ ಅಟ್ಟಿಕ್‌ನಲ್ಲಿ ಎ, ಇ, ರ್ ಆದ ಮೇಲೆ ಸ್ತ್ರೀಲಿಂಗದ ಏ ‘ಆ’ ಆಗುತ್ತದೆ, ಅದಕ್ಕೇ ಈ ವ್ಯತ್ಯಾಸ. ಪ್ರತ್ಯಯದ ಪ್ರಾಸ ನೋಡಿ ಜೋಡಿಸಲು ಹೋದರೆ ತಪ್ಪುತ್ತೀಯ. ‘ಫುಸಿಸ್’ (ಪ್ರಕೃತಿ) ಸ್ತ್ರೀಲಿಂಗ, ಆದ್ದರಿಂದ ‘ನೊಎರಾ ಫುಸಿಸ್’.

ಹೆಚ್ಚು ಎಡವುವುದು ಮಾತ್ರ ಇಲ್ಲಿ: ಸ್ತ್ರೀಲಿಂಗ ಏಕವಚನ ‘ನೊಎರಾ’, ನಪುಂಸಕ ಬಹುವಚನ ‘ನೊಎರ’. ಗ್ರೀಕ್ ಲಿಪಿ ಅ–ಆ ಭೇದ ತೋರಿಸದ ಕಾರಣ ಬರಹದಲ್ಲಿ ಎರಡೂ ಒಂದೇ. ಕ್ರಿಯಾಪದವೂ ಸಹಾಯಕ್ಕೆ ಬರುವುದಿಲ್ಲ; ನಪುಂಸಕ ಬಹುವಚನಕ್ಕೆ ಗ್ರೀಕರು ಸಾಮಾನ್ಯವಾಗಿ ಏಕವಚನದ ಕ್ರಿಯೆಯನ್ನೇ ಹಾಕುತ್ತಾರೆ. ಹಿಂದಿನ ಆರ್ಟಿಕಲ್ (ಇಂಗ್ಲಿಷಿನ ‘the’ ಥರದ ಪದ) ನೋಡು: ‘ಹೇ’ ಇದ್ದರೆ ಸ್ತ್ರೀಲಿಂಗ, ‘ತ’ ಇದ್ದರೆ ನಪುಂಸಕ.

‘ಹೆಚ್ಚು’ ಎಂದು ಹೋಲಿಸುವ ‘-ತೆರೊಸ್’ ರೂಪದಲ್ಲಿ, ಅದನ್ನು ಜೋಡಿಸುವ ಸ್ವರದ ಹಿಂದಿನ ಅಕ್ಷರ ಲಘುವಾದರೆ ಓ, ಗುರುವಾದರೆ ಒ: ನೊಎರೋತೆರೊಸ್, ಅನೊಏತೊತೆರೊಸ್. ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲೇ ಬರೆದುಕೋ. ನಮ್ಮಲ್ಲಿ ಎ–ಏ, ಒ–ಓ ಬೇರೆಬೇರೆ ಇರುವುದು ಗ್ರೀಕ್ ಕಲಿಯುವವರಿಗೆ ದೊಡ್ಡ ಅನುಕೂಲ. ಸಂಸ್ಕೃತದ ನಾಗರಿಯಲ್ಲಿ ಅದು ಸಿಗದು.

ನೊಏತೊಸ್‌ನ ನಿಷೇಧರೂಪ ‘ಅನೊಏತೊಸ್’ ಬಗ್ಗೆ ಎಚ್ಚರ. ಸಮಾಸವಾದ್ದರಿಂದ ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ಒಂದೇ ರೂಪ, ಸ್ವರಭಾರವೂ ಕೊನೆಯಿಂದ ಹಿಂದಕ್ಕೆ ಸರಿದು ‘ನೊ’ ಮೇಲೆ ಬೀಳುತ್ತದೆ. ‘ಅಜ್ಞೇಯ’ ಎಂದೇ ಎಲ್ಲ ಕಡೆ ಹಚ್ಚಬೇಡ. ಬೈಬಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ (3:1) ಅವರನ್ನು ಇದೇ ಪದದಿಂದ ಕರೆದಾಗ ಅರ್ಥ ‘ಬುದ್ಧಿಯಿಲ್ಲದವರೇ’ ಎಂದು.

ಮುಂದಿನ ಪತ್ರದ ಜೊತೆ ನೀನು ಅನುವಾದಿಸಿದ ಒಂದು ಪುಟ ಕಳಿಸು, ತಿದ್ದಿ ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ