ಗಾಳದ ಪಾಠ ಕೊಕ್ಕೆಯ ತುದಿಯಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಸಿಹಿನೀರಿನಲ್ಲಿ ಗಾಳ ಹಾಕಲು ಹೊಸದಾಗಿ ಕಲಿಯುವವರಿಗಾಗಿ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿ ಸಂತೋಷವಾಯಿತು. ಈ ವಿಷಯಕ್ಕೆ ಒಂದು ಇಡೀ ಪುಟ ಕೊಡುವ ಪತ್ರಿಕೆಗಳು ಕಡಿಮೆ. ಆದರೆ ಆ ಪುಟದ ಮುಕ್ಕಾಲು ಭಾಗವನ್ನು ಕೋಲು ಮತ್ತು ರೀಲುಗಳೇ ನುಂಗಿವೆ. ದಾರಕ್ಕೆ ಸಿಕ್ಕಿದ್ದು ಒಂದೇ ಸಾಲು. ಕೊಕ್ಕೆಯ ಅಳತೆಯಾಗಲಿ ಗಂಟು ಕಟ್ಟುವ ವಿಧಾನವಾಗಲಿ ಎಲ್ಲೂ ಇಲ್ಲ. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಚಿಕ್ಕಂದಿನಿಂದಲೂ ಗಾಳ ಹಾಕುತ್ತಿದ್ದೇನೆ, ಈಗ ಮೊಮ್ಮಕ್ಕಳಿಗೂ ಅವರ ಗೆಳೆಯರಿಗೂ ಕಲಿಸುತ್ತಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ: ಪಾಠವನ್ನು ಕೋಲಿನ ಹಿಡಿಯಿಂದಲ್ಲ, ಕೊಕ್ಕೆಯ ತುದಿಯಿಂದ ಶುರು ಮಾಡಬೇಕು. ಮೀನಿಗೆ ಸಂಬಂಧಪಟ್ಟದ್ದೆಲ್ಲ ಇರುವುದು ಆ ಕಡೆಯ ಎರಡು ಮೀಟರಿನಲ್ಲಿ.

ಮೊದಲು ಕೊಕ್ಕೆ. ಕೊಕ್ಕೆಯ ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. 16ಕ್ಕಿಂತ 10 ದೊಡ್ಡದು, 10ಕ್ಕಿಂತ 4 ದೊಡ್ಡದು. 1 ದಾಟಿದ ಮೇಲೆ ಲೆಕ್ಕ ತಿರುಗುತ್ತದೆ: 1/0, 2/0, 3/0 ಎಂದು ಏರುತ್ತಾ ಹೋದಂತೆ ಕೊಕ್ಕೆಯೂ ದೊಡ್ಡದಾಗುತ್ತದೆ. ಇದನ್ನು ಯಾರೂ ಹೇಳಿಕೊಡದ ಕಾರಣ ಹೊಸಬರು ದೊಡ್ಡ ಮೀನಿನ ಆಸೆಗೆ ದೊಡ್ಡ ಕೊಕ್ಕೆ ಕೊಂಡು, ಎರೆಹುಳುವನ್ನು ಅದಕ್ಕೆ ಪೋಣಿಸಿ, ದಿನವಿಡೀ ಬರಿಗೈಯಲ್ಲಿ ಕೂರುತ್ತಾರೆ. ಎರೆಹುಳುವಿಗೆ 10 ಅಥವಾ 12ನೇ ನಂಬರು ಸಾಕು. ಸಣ್ಣ ಹಿಟ್ಟಿನುಂಡೆಗೆ 14 ಕೂಡ ಆದೀತು. ಚಿಕ್ಕ ಕೊಕ್ಕೆಗೆ ದೊಡ್ಡ ಮೀನು ಸಿಕ್ಕುತ್ತದೆ, ದೊಡ್ಡ ಕೊಕ್ಕೆ ಚಿಕ್ಕ ಮೀನಿನ ಬಾಯೊಳಗೆ ಹೋಗುವುದೇ ಇಲ್ಲ. ಕಟ್ಟುವ ಮೊದಲು ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಮೊನೆ ಉಗುರಿಗೆ ತಗುಲಿ ನಿಂತರೆ ಅದು ಹರಿತವಾಗಿದೆ, ಜಾರಿದರೆ ಬದಲಿಸಿ. ಒಳಗಿರುವ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಬಿಡಿ. ದಾರ ಸಡಿಲಾಗದಂತೆ ನೋಡಿಕೊಂಡರೆ ಮೀನು ತಪ್ಪಿಸಿಕೊಳ್ಳುವುದು ಅಪರೂಪ. ಮೀನಿನ ಬಾಯಿಂದ ಕೊಕ್ಕೆ ಬಿಡಿಸುವುದೂ ಸಲೀಸು, ಮಕ್ಕಳ ಬೆರಳಿಗೆ ಚುಚ್ಚಿಕೊಂಡಾಗ ತೆಗೆಯುವುದೂ ಸಲೀಸು.

ಇನ್ನು ಗಂಟು. ನನ್ನ ಮಟ್ಟಿಗೆ ಗಾಳದ ವಿದ್ಯೆಯಲ್ಲಿ ಅರ್ಧ ಇದೇ. ಡಬ್ಬಿಯ ಮೇಲೆ 4 ಕೆ.ಜಿ. ಎಂದು ಬರೆದ ದಾರ ತಡೆಯುವುದು ಗಂಟು ತಡೆದಷ್ಟನ್ನೇ. ಒಣ ನೈಲಾನನ್ನು ಬಿಗಿಯಾಗಿ ಎಳೆದಾಗ ಸುರುಳಿಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ, ಆ ಶಾಖಕ್ಕೆ ನೈಲಾನ್ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಬಿಗಿಯುವ ಮೊದಲು ಗಂಟನ್ನು ನೀರಿನಲ್ಲಿ ನೆನೆಸಿ ನಿಧಾನವಾಗಿ ಎಳೆಯಬೇಕು. ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುತ್ತೇನೆ. ಒಂದೇ ದಾರದಲ್ಲಿ ಒಂದು ಗಂಟನ್ನು ಒಣಗಿದ್ದಾಗ ಎಳೆದು, ಇನ್ನೊಂದನ್ನು ನೆನೆಸಿ ಎಳೆದು, ಎರಡನ್ನೂ ಶಾಲೆಯ ಪ್ರಯೋಗಾಲಯದಲ್ಲಿರುವಂಥ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಹರಿಯುವವರೆಗೆ ಜಗ್ಗಿಸುತ್ತೇನೆ. ತಕ್ಕಡಿಯ ಮುಳ್ಳನ್ನು ಕಣ್ಣಾರೆ ಕಂಡ ಮಗು ಮುಂದೆ ಒಣ ಗಂಟು ಹಾಕುವುದಿಲ್ಲ.

ಹೊಸಬರು ಒಂದೇ ಗಂಟು ಕಲಿಯುವುದಾದರೆ ಪಾಲೋಮರ್ ಕಲಿಯಲಿ. ದಾರದ ತುದಿಯನ್ನು ಒಂದು ಗೇಣಿನಷ್ಟು ಮಡಚಿ ಇಬ್ಬಡಿ ಮಾಡಿ. ಆ ಮಡಿಕೆಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ. ಹೊರಬಂದ ಇಬ್ಬಡಿ ದಾರದಿಂದ ಸಾದಾ ಗಂಟೊಂದನ್ನು ಸಡಿಲವಾಗಿ ಹಾಕಿ. ತುದಿಯಲ್ಲಿ ಉಳಿದ ಕುಣಿಕೆಯೊಳಗೆ ಇಡೀ ಕೊಕ್ಕೆಯನ್ನು ದಾಟಿಸಿ, ನೆನೆಸಿ, ಎರಡೂ ಎಳೆಗಳನ್ನು ಒಟ್ಟಿಗೆ ಹಿಡಿದು ಬಿಗಿಯಿರಿ. ನೈಲಾನಿಗೂ ಹೆಣೆದ ದಾರಕ್ಕೂ ಇದು ನಡೆಯುತ್ತದೆ. ಹೆಣೆದ ದಾರ ನುಣುಪಾದ್ದರಿಂದ ನೈಲಾನಿಗೆ ಒಗ್ಗುವ ಎಷ್ಟೋ ಗಂಟುಗಳು ಅದರಲ್ಲಿ ಜಾರಿಬಿಡುತ್ತವೆ. ಹೆಣೆದ ದಾರವನ್ನು ಹೊಸಬರಿಗೆ ಕೊಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು: ಅದು ಹಿಗ್ಗುವುದೇ ಇಲ್ಲ ಎನ್ನಬಹುದು. ನೈಲಾನ್ ಹಿಗ್ಗುತ್ತದೆ, ಹಾಗಾಗಿ ಕೈ ಪಳಗದವರು ಗಡಬಡಿಸಿ ಜಗ್ಗಿದರೂ ಸ್ವಲ್ಪ ತಾಳಿಕೊಳ್ಳುತ್ತದೆ. ಹೆಣೆದ ದಾರದ ಮೇಲೆ ಜಗ್ಗಿದ ಪೆಟ್ಟೆಲ್ಲ ನೇರ ಮೀನಿನ ತುಟಿಗೆ ಹೋಗುತ್ತದೆ, ಬೆರಳಿಗೆ ಸುತ್ತಿಕೊಂಡರೆ ಚರ್ಮವನ್ನೂ ಕೊಯ್ಯುತ್ತದೆ.

ದಾರದ ದಪ್ಪ ಎರಡು ಪಟ್ಟಾದರೆ ಅಡ್ಡ ಸೀಳಿಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಬಲವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಇದನ್ನು ಕೇಳಿದವರು ದಪ್ಪ ದಾರವೇ ಒಳ್ಳೆಯದೆಂದು ತೀರ್ಮಾನಿಸುತ್ತಾರೆ. ಆದರೆ ದಪ್ಪ ದಾರ ಬಿರುಸು, ಗಾಳಿಗೆ ಬಾಗಿ, ನೀರಿನ ಮೇಲೆ ತೇಲುವ ಬೆಂಡನ್ನು ಎಳೆದೊಯ್ಯುತ್ತದೆ, ಎರೆ ನೀರಿನಲ್ಲಿ ಸಹಜವಾಗಿ ಅಲುಗಾಡಲು ಬಿಡುವುದಿಲ್ಲ. ನಿಂತ ನೀರಿನಲ್ಲಿ ಕಲಿಯುವವರಿಗೆ 3ರಿಂದ 4 ಕೆ.ಜಿ. ಬಲದ ನೈಲಾನ್ ಸಾಕು. ಅದಕ್ಕಿಂತ ಭಾರದ ಮೀನು ಬಂದರೆ? ಬರಲಿ. ರೀಲಿನಲ್ಲಿ ಡ್ರ್ಯಾಗ್ ಇರುವುದೇ ಅದಕ್ಕೆ. ಮೀನು ಮಿತಿಮೀರಿ ಜಗ್ಗಿದಾಗ ದಾರ ಹರಿಯದೆ ಸುರುಳಿಯಿಂದ ಬಿಚ್ಚಿಕೊಂಡು ಹೋಗುವಂತೆ ಮಾಡುವ ಬ್ರೇಕ್ ಅದು. ದಾರದ ಬಲದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗಕ್ಕೆ ಅದನ್ನು ಹೊಂದಿಸಬೇಕು. 4 ಕೆ.ಜಿ. ದಾರವಾದರೆ, ಕೋಲು ಬಾಗಿರುವಾಗ ದಾರದ ತುದಿಗೆ ಸಿಕ್ಕಿಸಿದ ತಕ್ಕಡಿ ಒಂದು ಕೆ.ಜಿ. ದಾಟುತ್ತಿದ್ದಂತೆ ದಾರ ಬಿಚ್ಚಿಕೊಳ್ಳತೊಡಗಬೇಕು. ಕೈಯ ಅಂದಾಜನ್ನು ನಂಬಬೇಡಿ. ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರದ ತುದಿಗೆ ಕಟ್ಟಿ, ಕೋಲು ಹಿಡಿದು ಎತ್ತಲು ಹೇಳಿದರೆ ದೊಡ್ಡವರೂ ಅಚ್ಚರಿಪಡುತ್ತಾರೆ. ಕೋಲು ಸನ್ನೆಗೋಲಿನಂತೆಯೇ ಕೆಲಸ ಮಾಡುತ್ತದೆ, ಆದರೆ ಅದರ ಉದ್ದದ ತುದಿ ಮೀನಿನ ಕಡೆಗಿದೆ, ಗಿಡ್ಡದ್ದು ನಮ್ಮ ಕೈಯಲ್ಲಿದೆ. ಆದ್ದರಿಂದ ಮೀನಿನ ಎಳೆತ ನಮ್ಮ ಮಣಿಕಟ್ಟಿಗೆ ಹಲವು ಪಟ್ಟಾಗಿ ತಿಳಿಯುತ್ತದೆ. ಕೋಲು ಉದ್ದವಾದಷ್ಟೂ ಈ ಲಾಭ ಮೀನಿಗೇ. ಎರಡು, ಎರಡೂವರೆ ಮೀಟರಿನ ಕೋಲೇ ಮೊದಲಿಗೆ ಸರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ರೀಲೇ ಇಲ್ಲದ ಸಾದಾ ಕೋಲು, ಅದರಷ್ಟೇ ಉದ್ದದ ದಾರ ಇದ್ದರೂ ಮೊದಲ ವರ್ಷದ ಪಾಠಕ್ಕೆ ಏನೂ ಕೊರತೆಯಾಗದು.

ಮತ್ತೊಂದು ಮಾತು. ಮೀನು ದಾರ ಎಳೆದುಕೊಂಡು ಓಡುತ್ತಿರುವಾಗ ರೀಲಿನ ಹಿಡಿ ತಿರುಗಿಸಬಾರದು. ದಾರ ಒಳಗೆ ಬರುವುದಿಲ್ಲ, ಸುಮ್ಮನೆ ಹುರಿಗಟ್ಟುತ್ತದೆ. ಮುಂದಿನ ಸಲ ಬೀಸಿದಾಗ ಸಿಕ್ಕುಸಿಕ್ಕಾಗುವುದು ಆಗ ಸೇರಿದ ಹುರಿಯಿಂದಲೇ.

ಬೆಂಡಿನ ವಿಚಾರಕ್ಕೆ ಬಂದರೆ ನನಗೆ ಪುಟಗಟ್ಟಲೆ ಬರೆಯುವ ಆಸೆ. ತೇಲುವುದು ಮುಳುಗುವುದರ ಪಾಠವನ್ನು ಕಪ್ಪುಹಲಗೆಯ ಮೇಲೆ ಕಲಿಸುವುದು ಬೇರೆ, ನೀರಿನ ದಂಡೆಯಲ್ಲಿ ಕಲಿಸುವುದು ಬೇರೆ. ಹೊಸಬರ ಬೆಂಡು ಅರ್ಧಕ್ಕರ್ಧ ನೀರಿನ ಮೇಲೆ ಉಬ್ಬಿಕೊಂಡಿರುತ್ತದೆ. ಅದನ್ನು ಮುಳುಗಿಸಲು ಮೀನು ಆ ಉಬ್ಬಿನಷ್ಟು ನೀರಿನ ತೂಕದ ಬಲವನ್ನು ಹಾಕಬೇಕು. ಗೆಂಡೆ ಜಾತಿಯ ಮೀನುಗಳು ಎರೆಯನ್ನು ಕಚ್ಚುವುದಿಲ್ಲ, ನೀರಿನೊಂದಿಗೆ ಹೀರಿಕೊಳ್ಳುತ್ತವೆ. ಅನುಮಾನ ಬಂದರೆ ಕ್ಷಣಮಾತ್ರದಲ್ಲಿ ಉಗುಳುತ್ತವೆ. ಬೆಂಡಿನ ಎದುರೆಳೆತ ತಿಳಿಯುತ್ತಿದ್ದಂತೆ ಉಗುಳಿ ಹೋದ ಮೀನಿನ ಸುದ್ದಿ ನಮಗೆ ಮುಟ್ಟುವುದೇ ಇಲ್ಲ. ಆದ್ದರಿಂದ ಭಾರಕ್ಕೆಂದು ದಾರಕ್ಕೆ ಸಿಕ್ಕಿಸುವ ಸಣ್ಣ ಗುಂಡುಗಳನ್ನು ಒಂದೊಂದಾಗಿ ಸೇರಿಸುತ್ತಾ, ಬೆಂಡಿನ ಬಣ್ಣದ ತುದಿ ಮಾತ್ರ ಕಾಣುವಷ್ಟು ಇಳಿಸಿ. ಅದಕ್ಕೂ ಮೊದಲು ಆಳ ಅಳೆಯಬೇಕು. ಕೊಕ್ಕೆಗೆ ಭಾರದ ತುಂಡೊಂದನ್ನು ಸಿಕ್ಕಿಸಿ ಹಾಕಿ. ಬೆಂಡು ಪೂರ್ತಿ ಮುಳುಗಿದರೆ ನೀರು ಇನ್ನೂ ಆಳವಿದೆ, ಬೆಂಡನ್ನು ದಾರದಲ್ಲಿ ಮೇಲಕ್ಕೆ ಸರಿಸಿ. ಅಡ್ಡ ಮಲಗಿದರೆ ಕೆಳಕ್ಕೆ ಸರಿಸಿ. ತುದಿ ನೀರಿನ ಮಟ್ಟಕ್ಕೆ ನೆಟ್ಟಗೆ ನಿಂತಾಗ ಅದೇ ಆಳ.

ಕಡೆಯ ಗುಂಡು ತಳಕ್ಕೆ ತಾಗಿಕೊಂಡಿದ್ದರೆ ಇನ್ನೊಂದು ಸೂಕ್ಷ್ಮವಿದೆ. ತಳದಲ್ಲಿ ಮೇಯುವ ಮೀನು ಎರೆಯೊಂದಿಗೆ ತಲೆ ಎತ್ತಿದಾಗ ಆ ಗುಂಡೂ ಎದ್ದುಬಿಡುತ್ತದೆ. ಅದರ ಭಾರ ತಪ್ಪಿದ ಬೆಂಡು ಮುಳುಗುವ ಬದಲು ಮೇಲೇಳುತ್ತದೆ. ಹೋದ ವಾರ ಮೊಮ್ಮಗಳು, ‘ಅಜ್ಜೀ, ಬೆಂಡು ಮೇಲೆ ಬಂತು! ಇನ್ನೂ ಕಾಯಲಾ?’ ಎಂದು ಕೂಗಿದಳು. ‘ಕಾಯಬೇಡ ಮಗೂ, ಮಣಿಕಟ್ಟು ಮಾತ್ರ ಎತ್ತು’ ಎಂದೆ. ಮಣಿಕಟ್ಟನ್ನು ಅಷ್ಟು ಎತ್ತಿದರೆ ಸಾಕು, ತೋಳು ಬೀಸಿ ಹೊಡೆಯುವ ಅಗತ್ಯ ಯಾವತ್ತೂ ಬೀಳುವುದಿಲ್ಲ.

ದೂರಕ್ಕೆ ಎಸೆಯುವುದನ್ನು ತಮ್ಮ ಬರಹ ಬಹಳ ಹೊಗಳಿದೆ. ನನಗೆ ಅದು ಒಪ್ಪಿಗೆಯಿಲ್ಲ. ಜೊಂಡಿನ ಅಂಚು, ಬಾಗಿದ ಮರದ ನೆರಳು, ತೊರೆ ಬಂದು ಸೇರುವ ಬಾಯಿ, ಆಳ ಒಮ್ಮೆಲೇ ಬದಲಾಗುವ ಏಣು ಇಂಥ ಕಡೆ ಮೀನಿಗೆ ಆಹಾರವೂ ಇದೆ, ಮರೆಯೂ ಇದೆ. ಎಷ್ಟೋ ಸಲ ಅದು ನಮ್ಮ ಕಾಲಬುಡದಲ್ಲೇ ಇರುತ್ತದೆ. ದಂಡೆಯ ಮೇಲೆ ಧಪಧಪ ನಡೆದರೆ ನೆಲದ ಅದುರು ನೀರಿಗಿಳಿಯುತ್ತದೆ, ಮೀನು ಅದನ್ನು ಮೈಯ ಎರಡೂ ಬದಿಯ ಪಾರ್ಶ್ವರೇಖೆಯಿಂದ ಅರಿಯುತ್ತದೆ. ಮೆತ್ತಗೆ ಬಂದು, ನೀರಿನಿಂದ ಎರಡು ಹೆಜ್ಜೆ ಹಿಂದೆ ಕೂತು, ನೆರಳು ನೀರಿಗೆ ಬೀಳದಂತೆ ನೋಡಿಕೊಂಡವರಿಗೆ ದೂರದ ಎಸೆತ ಬೇಕಾಗುವುದು ಕಡಿಮೆ.

ಮುಂಜಾವವೇ ಒಳ್ಳೆಯ ಹೊತ್ತು ಎನ್ನುವುದಕ್ಕೂ ಒಂದು ಮಿತಿಯಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಕಳೆ ದಟ್ಟವಾಗಿ ಬೆಳೆದ ನಿಂತ ನೀರಿನಲ್ಲಿ ಗಿಡಗಳೂ ಪಾಚಿಯೂ ರಾತ್ರಿಯಿಡೀ ಉಸಿರಾಡಿ ಅದರಲ್ಲೂ ಬಹಳಷ್ಟನ್ನು ಬಳಸಿರುತ್ತವೆ. ಹಾಗಾಗಿ ಕಡುಬೇಸಗೆಯಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವುದು ಬೆಳಗು ಹರಿಯುವ ಹೊತ್ತಿನಲ್ಲೇ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರುವುದು ಕಂಡರೆ ಆ ದಿನ ಗಾಳ ಬಿಚ್ಚಬೇಡಿ. ಮರಳಿ ಬಿಟ್ಟ ಮೀನು ಅಂಥ ನೀರಿನಲ್ಲಿ ಚೇತರಿಸಿಕೊಳ್ಳುವುದು ಕಷ್ಟ.

ಬಿಡುವುದಾದರೆ ಸರಿಯಾಗಿ ಬಿಡಬೇಕು. ಒಣಗೈಯಲ್ಲಿ ಮುಟ್ಟಿದರೆ ಮೈಯ ಲೋಳೆ ಉಜ್ಜಿಹೋಗುತ್ತದೆ, ಬೂಸು ಮತ್ತು ರೋಗಾಣುಗಳಿಂದ ಮೀನನ್ನು ಕಾಯುವುದು ಆ ಲೋಳೆ. ಕೈ ನೆನೆಸಿಕೊಳ್ಳಿ, ಕಿವಿರಿಗೆ ಬೆರಳು ಹಾಕಬೇಡಿ, ಆದಷ್ಟೂ ನೀರಿನಲ್ಲಿಟ್ಟೇ ಕೊಕ್ಕೆ ಬಿಡಿಸಿ. ಕೊಕ್ಕೆ ಗಂಟಲಿಗಿಳಿದಿದ್ದರೆ ಕೆದಕದೆ, ದಾರವನ್ನು ಕೊಕ್ಕೆಯ ಹತ್ತಿರ ಕತ್ತರಿಸಿ ಬಿಡುವುದೇ ಮೀನಿಗೆ ಕ್ಷೇಮ. ಮೊಟ್ಟೆಯಿಡುವ ಕಾಲ, ಅನುಮತಿ, ಅಳತೆಯ ಮಿತಿಗಳನ್ನು ಆಯಾ ನೀರಿನ ಉಸ್ತುವಾರಿಯವರಲ್ಲಿ ಮೊದಲೇ ವಿಚಾರಿಸಬೇಕು.

ತಮ್ಮ ಬರಹ ಬಿಟ್ಟಿರುವ ಎರಡು ಸಂಗತಿಗಳು ಜೀವಕ್ಕೇ ಸಂಬಂಧಿಸಿದವು. ಇಂದಿನ ಹಗುರ ಕೋಲುಗಳು ಕಾರ್ಬನ್ ನಾರಿನವು, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ಕೋಲು ತಾಗಬೇಕೆಂದೂ ಇಲ್ಲ, ಹೆಚ್ಚಿನ ವೋಲ್ಟೇಜಿನ ತಂತಿಯಿಂದ ಸಮೀಪದ ಕೋಲಿಗೆ ವಿದ್ಯುತ್ ಹಾರಬಹುದು. ಕೋಲು ಜೋಡಿಸುವ ಮೊದಲು ಮೇಲೆ ನೋಡುವುದು, ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ಮರಗಳಿಂದ ದೂರ, ಸೂರಿರುವ ಕಟ್ಟಡಕ್ಕೆ ಹೋಗುವುದು ಇವೆರಡನ್ನೂ ನಾನು ಗಂಟಿಗಿಂತ ಮೊದಲೇ ಕಲಿಸುತ್ತೇನೆ.

ಎರಡನೆಯದು ನಾವು ದಂಡೆಯಲ್ಲಿ ಬಿಟ್ಟುಬರುವ ವಸ್ತುಗಳು. ನೀರುಹಕ್ಕಿಗಳು ಆಹಾರ ಅರೆಯಲೆಂದು ಸಣ್ಣ ಕಲ್ಲುಗಳನ್ನು ನುಂಗುತ್ತವೆ, ಬಿದ್ದ ಸೀಸದ ಗುಂಡನ್ನೂ ಹಾಗೆಯೇ ನುಂಗಿ ವಿಷವೇರಿ ಸಾಯುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದರಿಂದ 1987ರಲ್ಲಿ ಗಾಳಕ್ಕೆ ಬಳಸುವ ಹೆಚ್ಚಿನ ಅಳತೆಯ ಸೀಸದ ಗುಂಡುಗಳ ಮಾರಾಟವನ್ನು ನಿಲ್ಲಿಸಿದರು. ತವರದ ಗುಂಡು ಸೀಸಕ್ಕಿಂತ ಹಗುರ, ತುಸು ದೊಡ್ಡದನ್ನು ಹಾಕಿದರಾಯಿತು. ಟಂಗ್‌ಸ್ಟನ್ ಸೀಸಕ್ಕಿಂತಲೂ ಸಾಂದ್ರ. ಇನ್ನು ನೈಲಾನ್ ಕೊಳೆಯುವುದಿಲ್ಲ. ನೀರುಕಾಗೆಯ ಎರಡೂ ಕಾಲಿಗೆ ಸುತ್ತಿ ಮಾಂಸದೊಳಕ್ಕೆ ಇಳಿದಿದ್ದ ದಾರವನ್ನು ನನ್ನ ಕೈಯಾರೆ ಬಿಡಿಸಿದ್ದೇನೆ. ಆ ಹಕ್ಕಿ ಹಾರಲಿಲ್ಲ. ನಮ್ಮ ಚೀಲದಲ್ಲಿ ಹಳೆಯ ದಾರಕ್ಕೆಂದೇ ಮುಚ್ಚಳವಿರುವ ಡಬ್ಬಿಯೊಂದು ಇರುತ್ತದೆ. ಯಾರು ಬಿಟ್ಟದ್ದಾದರೂ ಸರಿ, ಕಂಡ ದಾರವೆಲ್ಲ ಅದರೊಳಗೆ. ಮನೆಗೆ ಬಂದು ಬೆರಳುದ್ದದ ತುಂಡುಗಳಾಗಿ ಕತ್ತರಿಸಿದ ಮೇಲೆಯೇ ಕಸಕ್ಕೆ.

ತಾವು ಈ ವಿಷಯವನ್ನು ಮುಂದುವರಿಸುವುದಾದರೆ ಒಂದು ಕೋರಿಕೆ. ಹೊಳೆಯುವ ರೀಲುಗಳ ಚಿತ್ರಗಳ ಜಾಗದಲ್ಲಿ ಪಾಲೋಮರ್ ಗಂಟಿನ ಚಿತ್ರವನ್ನು ಹಂತಹಂತವಾಗಿ, ದೊಡ್ಡದಾಗಿ ಹಾಕಿ. ದಾರದ ತುದಿಗೆ ಒಂದು ಬಣ್ಣ, ರೀಲಿನ ಕಡೆ ಹೋಗುವ ಎಳೆಗೆ ಇನ್ನೊಂದು ಬಣ್ಣ ಕೊಡಿ, ಇಲ್ಲದಿದ್ದರೆ ಮಕ್ಕಳು ಎರಡನೇ ಹಂತದಲ್ಲೇ ಗಲಿಬಿಲಿಗೊಳ್ಳುತ್ತಾರೆ. ಎಡಗೈ ಬಳಸುವವರಿಗಾಗಿ ಅದೇ ಚಿತ್ರವನ್ನು ತಿರುಗಿಸಿ ಪಕ್ಕದಲ್ಲಿ ಅಚ್ಚು ಹಾಕಿದರೆ ನಮ್ಮ ಮೊಮ್ಮಗಳಂಥವರಿಗೆ ದೊಡ್ಡ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಶಿಕ್ಷಕಿ