ಅಪ್ಪ ಅಂದ ಮಾತಿಗೆ, ಸ್ಪೇನಿನ ಕೊರ್ಡೊಬಾದಿಂದ

ಅಮ್ಮ,

ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿ ನೋವು ಹೇಗಿದೆ? ಅಜ್ಜಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ?

ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆಯೂ ಕಳಚಿ, ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಹಾಕಬೇಕು ಅನ್ನುವಾಗ ರೇಷ್ಮೆ ಹುಳು ಪೂರ್ತಿ ಸುಣ್ಣಕಟ್ಟಿಗೆ, ಆ ಬಿಳಿ ಬೂಷ್ಟಿನ ರೋಗಕ್ಕೆ, ಹೋಯಿತು ಅಂದರೆ ಅಪ್ಪನಿಗೆ ಹೇಗಾಗಿರಬೇಡ. ಆಳಿನ ಕೂಲಿ ಬೇರೆ, ಮಾವನ ಸಾಲ ಬೇರೆ. "ನಮ್ಮ ಹುಳು ಕೊಂದ ಬೂಷ್ಟನ್ನೇ ಅವಳು ಅಲ್ಲಿ ಸಾಕುತ್ತಿದ್ದಾಳಂತೆ" ಅಂತ ಅಪ್ಪ ಅಂದರಂತಲ್ಲ, ಅದೇ ತಲೆಯಲ್ಲಿ ಕೂತಿದೆ.

ಹೌದಮ್ಮ, ಅದರ ದಾಯಾದಿಯನ್ನೇ ಸಾಕುತ್ತಿದ್ದೇನೆ. ಇಲ್ಲಿ ಆಲಿವ್ ಕಾಯಿಗೆ ಒಂದು ನೊಣ ಬರುತ್ತದೆ. ಕಾಯಿ ಚುಚ್ಚಿ ಮೊಟ್ಟೆ ಇಡುತ್ತದೆ, ಮರಿ ಒಳಗೇ ತಿಂದು ಬೆಳೆಯುತ್ತದೆ, ಎಣ್ಣೆ ಕೆಡುತ್ತದೆ. ಚಳಿಗಾಲಕ್ಕೆ ಮುಂಚೆ ಮರಿ ನೆಲಕ್ಕೆ ಬಿದ್ದು ಮಣ್ಣಲ್ಲಿ ಕೋಶವಾಗಿ ಮಲಗುತ್ತದೆ. ಆ ಹೊತ್ತಿಗೆ ನಾವು ಮರದ ಕೆಳಗೆ ಮೆಟಾರೈಜಿಯಂ ಅನ್ನುವ ಹಸಿರು ಬೂಷ್ಟು ಸಿಂಪಡಿಸುತ್ತೇವೆ. ಹುಳು ಅದನ್ನು ತಿನ್ನಲೇಬೇಕು ಅಂತಿಲ್ಲ, ಮೈಗೆ ತಗುಲಿದರೆ ಸಾಕು, ಚರ್ಮ ಕೊರೆದು ಒಳಗಿಳಿಯುತ್ತದೆ. ಮೊನ್ನೆ ಮಣ್ಣು ಜರಡಿ ಹಿಡಿದಾಗ ಒಂದು ಕೋಶ ಸಿಕ್ಕಿತು. ಅಕ್ಕಿ ಕಾಳಿಗಿಂತ ಚಿಕ್ಕದು, ಮೇಲೆಲ್ಲ ಹಸಿರು ಪುಡಿ. ಎಲ್ಲರೂ ಖುಷಿಪಟ್ಟರು. ನನಗೆ ನಮ್ಮ ತಟ್ಟೆಯಲ್ಲಿ ಕಡ್ಡಿಯ ಹಾಗೆ ಸೆಟೆದು ಬಿದ್ದ ಹುಳು ನೆನಪಾಯಿತು.

ನಮ್ಮ ಹುಳು ಕೊಂದದ್ದು ಬವೇರಿಯಾ ಅನ್ನುವ ಬೂಷ್ಟು, ಬಿಳಿಯದು. ಈ ರೋಗ ಬೂಷ್ಟಿನಿಂದ ಬರುತ್ತದೆ ಅಂತ ಇಟಲಿಯ ಬಾಸ್ಸಿ ಅನ್ನುವ ವಿಜ್ಞಾನಿ 1835ರಲ್ಲೇ ತೋರಿಸಿದ, ಅದೂ ರೇಷ್ಮೆ ಹುಳುವಿನಲ್ಲೇ. ನಾನಿಲ್ಲಿ ಕಲಿಯುತ್ತಿರುವ ವಿದ್ಯೆಗೆ ಹುಳು ಮನೆಯೇ ತವರು, ಅಪ್ಪನಿಗೆ ಹೇಳು.

ತಪ್ಪು ಅವರದ್ದಲ್ಲ ಅಂತಲೂ ಹೇಳು. ತಂಡಿ, ತೇವ ಜಾಸ್ತಿಯಾದರೆ ಎಂಥವರ ಮನೆಗೂ ಬರುತ್ತದೆ. ಮುಂದಿನ ಬೆಳೆಗೆ ಮುಂಚೆ ಮನೆ, ತಟ್ಟೆ, ಚಂದ್ರಿಕೆ ಎಲ್ಲ ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆಯಲಿ. ಜ್ವರಕ್ಕೆ ಕೂತಾಗ ಸುಣ್ಣ ಉದುರಿಸಿ ಹುಳುವಿನ ಹಾಸಿಗೆ ಒಣಗಿಸಲಿ, ಎದ್ದಾಗ ಸೊಪ್ಪು ಹಾಕುವ ಮುಂಚೆ ಸೋಂಕು ಕಳೆಯುವ ವಿಜೇತ ಪುಡಿ. ಸತ್ತ ಹುಳು ಬೆಳ್ಳಗಾಗುವವರೆಗೆ ಬಿಡಲೇಬಾರದು, ಆ ಪುಡಿ ಗಾಳಿಯಲ್ಲೇ ಹರಡುತ್ತದೆ. ಆರಿಸಿ ಸುಟ್ಟುಬಿಡಿ, ತಿಪ್ಪೆಗೆ ಬೇಡ. ಪಕ್ಕದ ತೋಟದವರು ಜೈವಿಕ ಔಷಧಿ ಹೊಡೆದರೆ ಬವೇರಿಯಾನಾ ಅಂತ ಕೇಳಿ. ಹಿಪ್ಪುನೇರಳೆ ಹತ್ತಿರ ಅದು ಬೇಡವೇ ಬೇಡ.

ನನ್ನ ಚಿಂತೆ ಬಿಡು. ಮಾಸ್ಕ್, ಗ್ಲೌಸ್ ಎಲ್ಲ ಹಾಕುತ್ತೇನೆ, ನಮ್ಮ ಮೈ ಬಿಸಿಗೆ ಅದು ಬೆಳೆಯುವುದೇ ಕಷ್ಟ. ಕೆಮ್ಮಿಲ್ಲ, ನಿಜವಾಗಲೂ ಇಲ್ಲ. ಊಟ ಚೆನ್ನಾಗಿದೆ, ಮಧ್ಯಾಹ್ನದ್ದು ಮೂರು ಗಂಟೆಗೆ ಅಷ್ಟೆ. ಬೆಳಗ್ಗೆ ಬ್ರೆಡ್ಡಿಗೆ ನಾವು ತುಪ್ಪ ಹಾಕಿದ ಹಾಗೆ ಆಲಿವ್ ಎಣ್ಣೆ ಸುರಿದುಕೊಳ್ಳುತ್ತಾರೆ, ನನಗೂ ರುಚಿ ಹತ್ತಿದೆ. ಪಕ್ಕದ ಹಾಯೆನ್ ಪ್ರಾಂತ್ಯ ಒಂದರಲ್ಲೇ ಆರು ಕೋಟಿಗೂ ಜಾಸ್ತಿ ಆಲಿವ್ ಮರ ಇದೆಯಮ್ಮ, ಗುಡ್ಡ ಗುಡ್ಡವೂ ಅದೇ.

ಈ ತಿಂಗಳು 20 ಸಾವಿರ ಹಾಕುತ್ತೇನೆ, ಮೊದಲು ಮಾವನಿಗೆ ಕೊಡಿ. ಸೊಪ್ಪಿನ ತೋಟ ಕೀಳುವ ಮಾತು ಈಗ ಬೇಡ. ನಾನು ಊರಿಗೆ ಬರುವಾಗ ಇಲ್ಲಿ ಕೆಲಸಕ್ಕೆ ಹಾಕಿದ ಬಟ್ಟೆ, ಚಪ್ಪಲಿ ಒಂದೂ ತರುವುದಿಲ್ಲ, ಅಪ್ಪ ಹೂಂ ಅನ್ನುವವರೆಗೆ ಹುಳು ಮನೆ ಹೊಸಿಲು ದಾಟುವುದಿಲ್ಲ.

ಬಸ್ಸಿಗೆ ಹೊತ್ತಾಯಿತು. ಅಪ್ಪ ಊಟ ಮಾಡಿದರಾ ಅಂತ ಇವತ್ತೇ ತಮ್ಮನ ಕೈಲಿ ಮೆಸೇಜ್ ಹಾಕಿಸು.

ನಿನ್ನ ಮಗಳು