ದಿನ ಎಣಿಸದೆ ಇಮ್ಯುನಾಲಜಿ ಕಲಿಸಬಹುದೇ?

ಮಾನ್ಯ ಸಂಪಾದಕರೇ,

ಪದವಿ ತರಗತಿಯ ಇಮ್ಯುನಾಲಜಿ (ದೇಹದ ರೋಗನಿರೋಧಕ ವ್ಯವಸ್ಥೆಯ ಅಧ್ಯಯನ) ಪಾಠ ಬಹುತೇಕ ಕಡೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಮೊದಲು ಜೆನ್ನರ್, ಪಾಶ್ಚರ್. ಆಮೇಲೆ ಅಂಗಗಳ ಪಟ್ಟಿ, ಕೋಶಗಳ ಪಟ್ಟಿ, ರೋಗಾಣುವಿಗೆ ಅಂಟುವ ವೈ ಆಕಾರದ ಪ್ರೋಟೀನಾದ ಪ್ರತಿಕಾಯದ (ಆ್ಯಂಟಿಬಾಡಿ) ಚಿತ್ರ, ಅದರ ಐದು ವರ್ಗಗಳ ಕೋಷ್ಟಕ. ಇಷ್ಟನ್ನೂ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯನ್ನು, ಜ್ವರ ಬಂದ ಎರಡನೇ ದಿನ ಡೆಂಗಿ ಐಜಿಎಂ (ಹೊಸ ಸೋಂಕಿಗೆ ಮೊದಲು ಹುಟ್ಟುವ ವರ್ಗದ ಪ್ರತಿಕಾಯ) ನೆಗೆಟಿವ್ ಬಂದರೆ ಏನರ್ಥ ಎಂದು ಕೇಳಿ ನೋಡಿ. ‘ಡೆಂಗಿ ಇಲ್ಲ’ ಎಂಬ ಉತ್ತರ ಬರುವುದೇ ಹೆಚ್ಚು. ಯಾವುದು ಇದೆ ಎಂದು ಕಲಿಸಿ, ಅದು ಯಾವಾಗ ಬರುತ್ತದೆ ಎಂದು ಕಲಿಸದೆ ಬಿಟ್ಟದ್ದರ ಫಲ ಇದು.

ಮುಳ್ಳು ಚುಚ್ಚಿದ ಬೆರಳನ್ನೇ ತೆಗೆದುಕೊಳ್ಳೋಣ. ರಕ್ತದಲ್ಲಿ ಸದಾ ಇರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ನಿಮಿಷಗಳಲ್ಲೇ ಬ್ಯಾಕ್ಟೀರಿಯಾದ ಮೈಗೆ ಅಂಟುತ್ತವೆ. ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆ ತೂರಿ ಬರುತ್ತವೆ. ಮುಂದೆ ಕಟ್ಟುವ ಕೀವು ಬಹುಪಾಲು ಇವುಗಳದೇ ಹೆಣ. ಅಷ್ಟರಲ್ಲಿ ಡೆಂಡ್ರಿಟಿಕ್ ಕೋಶಗಳು ಬ್ಯಾಕ್ಟೀರಿಯಾದ ತುಣುಕು ಹೊತ್ತು ಕಂಕುಳಿನ ದುಗ್ಧಗ್ರಂಥಿಯ ದಾರಿ ಹಿಡಿದಿರುತ್ತವೆ. ಆ ತುಣುಕನ್ನು ಗುರುತಿಸಬಲ್ಲ ಟಿ ಕೋಶ ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು. ಸಿಕ್ಕ ಆ ಒಂದು ಕೋಶ ಎಂಟು ಗಂಟೆಗೊಮ್ಮೆ ಇಬ್ಭಾಗವಾದರೆ ಐದು ದಿನಕ್ಕೆ ಹದಿನೈದು ಸಲ. ಒಂದು ಹೋಗಿ 32,768. ಕಂಕುಳಲ್ಲಿ ಗಂಟು ಊದುವುದೂ, ಹೊಸ ಸೋಂಕಿಗೆ ಪ್ರತಿಕಾಯ ಕಾಣಿಸಲು ವಾರ ಹಿಡಿಯುವುದೂ ಈ ಲೆಕ್ಕದಿಂದಲೇ. ಹಲಗೆಯ ಮೇಲೆ ಐದು ನಿಮಿಷದ ಗುಣಾಕಾರ ಇದು. ಪಠ್ಯದಲ್ಲಿ ಮಾತ್ರ ‘ಗಳಿಸಿದ ನಿರೋಧಕತೆ ನಿಧಾನ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಮೊದಲ ಗಂಟೆಗಳ ಪಡೆ ಎಚ್ಚರಿಸದೆ ಎರಡನೇ ವಾರದ ಪಡೆ (ಟಿ ಕೋಶ, ಪ್ರತಿಕಾಯ) ಸರಿಯಾಗಿ ಏಳುವುದಿಲ್ಲ ಎಂಬ ವಿಚಾರವನ್ನು ಅಮೆರಿಕದ ಇಮ್ಯುನಾಲಜಿ ವಿಜ್ಞಾನಿ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಮುಂದಿಟ್ಟರು. 1996ರಲ್ಲಿ ಹಣ್ಣುನೊಣದ ರಕ್ಷಣೆಗೆ ಬೇಕಾದ ಟೋಲ್ ಜೀನ್, 1998ರಲ್ಲಿ ಬ್ಯಾಕ್ಟೀರಿಯಾವನ್ನು ಗುರುತಿಸುವ ಇಲಿಯ ಟಿಎಲ್‌ಆರ್4 ಇದಕ್ಕೆ ಆಧಾರ ಒದಗಿಸಿದವು. ಈ ಎರಡು ಶೋಧಗಳಿಗೆ 2011ರಲ್ಲಿ ನೊಬೆಲ್ ಬಂತು. ಅನೇಕ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಬೆರೆಸುವುದು ಈ ಮೊದಲ ಪಡೆಯನ್ನು ಎಚ್ಚರಿಸಲೆಂದೇ ಎಂಬುದನ್ನು ಇಲ್ಲಿಯೇ ಹೇಳಬೇಕು. ಅದನ್ನು ಕೊನೆಯ ಘಟಕದ ‘ಲಸಿಕೆಗಳ ವಿಧ’ಕ್ಕೆ ತಳ್ಳಿದರೆ ಎರಡರ ನಂಟು ಕಡಿದುಹೋಗುತ್ತದೆ.

ಇಡೀ ಸೆಮಿಸ್ಟರಿಗೆ ಒಂದೇ ಉದಾಹರಣೆ ಆರಿಸಿ ಎಂದರೆ ನಾವು ಆರಿಸುವುದು ನಾಯಿ ಕಚ್ಚಿದವರ ರೇಬಿಸ್ ಚುಚ್ಚುಮದ್ದಿನ ಚೀಟಿಯನ್ನು. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿ.ಲೀ. ಲಸಿಕೆ. ಸ್ನಾಯುವಿಗಾದರೆ 0, 3, 7, 14, 28. ಹಲ್ಲು ನಾಟಿ ರಕ್ತ ಬಂದಿದ್ದರೆ ಮೊದಲ ದಿನವೇ ಗಾಯದೊಳಗೆ, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್. (ಇದೆಲ್ಲಕ್ಕೂ ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಇದು ಇಮ್ಯುನಾಲಜಿ ಅಲ್ಲ, ಆದರೂ ಕಲಿಸಲೇಬೇಕು.) ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ ಎರಡೂ ಯಾಕೆ? ಲಸಿಕೆ ಪಡೆದ ದೇಹ ತನ್ನದೇ ಪ್ರತಿಕಾಯ ಮಾಡಿಕೊಳ್ಳಲು 7ರಿಂದ 14 ದಿನ ಬೇಕು. ಅಲ್ಲಿಯವರೆಗೆ ವೈರಸ್ಸು ನರದ ತುದಿ ಹೊಗದಂತೆ ಕಾಯುವುದು ಹೊರಗಿನಿಂದ ತಂದ ಸಿದ್ಧ ಪ್ರತಿಕಾಯ.

ಈಗ ಪ್ರಮಾಣ. ಕುದುರೆಯಿಂದ ತಯಾರಾದ ಇಮ್ಯುನೊಗ್ಲಾಬ್ಯುಲಿನ್ ದೇಹತೂಕದ ಕೆ.ಜಿ.ಗೆ 40 ಐಯು (ಔಷಧದ ಬಲ ಅಳೆಯುವ ಅಂತರರಾಷ್ಟ್ರೀಯ ಮಾನ), ಮನುಷ್ಯರದು 20. 60 ಕೆ.ಜಿ. ತೂಕದವರಿಗೆ ಕುದುರೆಯದಾದರೆ 2,400 ಐಯು, ಬಾಟಲಿಯಲ್ಲಿ ಮಿ.ಲೀ.ಗೆ 300 ಐಯು ಇದ್ದರೆ 8 ಮಿ.ಲೀ. ಹೆಚ್ಚು ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿದರೆ ಪಾಠ ಗೆದ್ದಂತೆ. ಮಿತಿ ಮೀರಿದ ಪ್ರತಿಕಾಯ ಲಸಿಕೆಯ ಪ್ರತಿಜನಕವನ್ನೇ (ದೇಹ ಗುರುತಿಸಬೇಕಾದ ಅಂಶ) ಮುಚ್ಚಿಹಾಕುತ್ತದೆ, ದೇಹದ ಸ್ವಂತ ಉತ್ಪಾದನೆ ಕುಗ್ಗುತ್ತದೆ. ಎರಡನ್ನೂ ಒಂದೇ ಸಿರಿಂಜಿನಲ್ಲಾಗಲಿ ಒಂದೇ ಜಾಗಕ್ಕಾಗಲಿ ಕೊಡದಿರುವುದು, ಮೊದಲ ಲಸಿಕೆಯಿಂದ 7 ದಿನ ದಾಟಿದ ಮೇಲೆ ಇಮ್ಯುನೊಗ್ಲಾಬ್ಯುಲಿನ್ ಬೇಡವೆನ್ನುವುದು ಇದೇ ಕಾರಣಕ್ಕೆ. ಚರ್ಮಕ್ಕೆ 0.1 ಮಿ.ಲೀ. ಸಾಕಾಗುವುದು ಅಲ್ಲಿ ಡೆಂಡ್ರಿಟಿಕ್ ಕೋಶಗಳು ದಟ್ಟವಾಗಿರುವುದರಿಂದ. ಕುಂಡೆಗೆ ಚುಚ್ಚಬಾರದು ಎನ್ನುವುದು ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಉಳಿದುಬಿಡುವುದರಿಂದ. ಹಿಂದೆ ಪೂರ್ತಿ ಲಸಿಕೆ ಪಡೆದವರಿಗೆ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನದ ಚುಚ್ಚುಮದ್ದು ಮಾತ್ರ, ಇಮ್ಯುನೊಗ್ಲಾಬ್ಯುಲಿನ್ ಬೇಡವೇ ಬೇಡ. ನೆನಪಿನ ಕೋಶ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಯಾವ ಪಠ್ಯಪುಸ್ತಕದಲ್ಲಿದೆ?

ಡೆಂಗಿಯಲ್ಲಿ ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನು. ಅದು ಜ್ವರದ ಮೊದಲ ದಿನದಿಂದ ಸುಮಾರು ಐದನೇ ದಿನದವರೆಗೆ ಸಿಗುತ್ತದೆ. ಐಜಿಎಂ ಕಾಣಿಸಿಕೊಳ್ಳುವುದು ಸುಮಾರಾಗಿ ಆ ಐದನೇ ದಿನದ ಹೊತ್ತಿಗೇ. ಎರಡನೇ ಸಲ ಬೇರೆ ಮಾದರಿಯ ವೈರಸ್ಸು ತಗುಲಿದರೆ ಹಳೆಯ ನೆನಪು ಎದ್ದು ಐಜಿಜಿ ಎಂಬ ಇನ್ನೊಂದು ವರ್ಗದ ಪ್ರತಿಕಾಯ ಬೇಗನೆ ಏರುತ್ತದೆ, ಐಜಿಎಂ ಕಡಿಮೆಯೇ ಉಳಿಯಬಹುದು. ಟೈಫಾಯ್ಡ್‌ನ ಪ್ರತಿಕಾಯ ಹುಡುಕುವ ವಿಡಾಲ್ ಪರೀಕ್ಷೆ ಇನ್ನೂ ತೊಡಕಿನದು. ಮೂರನೇ ದಿನ ಮಾಡಿದರೆ ಪ್ರತಿಕಾಯ ಹುಟ್ಟಿಯೇ ಇರುವುದಿಲ್ಲ. ರಕ್ತದ ತಿಳಿಭಾಗವಾದ ಸೀರಂ ಅನ್ನು 160 ಪಟ್ಟು ತೆಳುವಾಗಿಸಿದರೂ ಪ್ರತಿಕಾಯ ಸಿಕ್ಕಿ 1:160 ಬಂದರೂ ಅದು ಹಳೆಯ ಸೋಂಕಿನದೋ ಲಸಿಕೆಯದೋ ಇರಬಹುದು. ವಾರ, ಹತ್ತು ದಿನ ಬಿಟ್ಟು ಮತ್ತೆ ನೋಡಿ ನಾಲ್ಕು ಪಟ್ಟು ಏರಿದೆಯೇ ಎಂದು ಹೋಲಿಸಬೇಕು. ಮೊದಲ ವಾರದಲ್ಲಿ ನಂಬಬೇಕಾದದ್ದು ಆ್ಯಂಟಿಬಯೊಟಿಕ್ ಶುರುವಾಗುವ ಮೊದಲು ತೆಗೆದ ರಕ್ತದ ಕಲ್ಚರನ್ನು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಲ್ಯಾಬುಗಳಲ್ಲಿ ಕೂತು ಇಂಥ ರಿಪೋರ್ಟ್ ಬರೆಯುವವರೇ.

ಅದಕ್ಕೇ ವಿಡಾಲ್ ಅನ್ನು ಸ್ಲೈಡಿನ ಮೇಲೆ ಒಂದು ನಿಮಿಷದಲ್ಲಿ ತೋರಿಸಿ ಮುಗಿಸದೆ ಟ್ಯೂಬಿನಲ್ಲಿ ಮಾಡಿಸಬೇಕು. ಮೊದಲ ಟ್ಯೂಬಿಗೆ 0.9 ಮಿ.ಲೀ. ಸಲೈನ್, 0.1 ಸೀರಂ, ಉಳಿದವಕ್ಕೆ ತಲಾ 0.5 ಸಲೈನ್. ಒಂದರಿಂದ ಇನ್ನೊಂದಕ್ಕೆ 0.5 ದಾಟಿಸುತ್ತ ಹೋಗಿ ಕೊನೆಯದರಿಂದ 0.5 ಚೆಲ್ಲಬೇಕು. ಪ್ರತಿಯೊಂದಕ್ಕೂ 0.5 ಪ್ರತಿಜನಕ ಸೇರಿದ ಮೇಲೆ ಮೊದಲ ಟ್ಯೂಬು 1:10 ಅಲ್ಲ, 1:20. ಹೆಚ್ಚಿನವರು ಎಡವುವುದು ಇಲ್ಲೇ. ಇನ್ನೊಂದು ತಪ್ಪು, ಪ್ರತಿ ಸಲ ಟಿಪ್ ಬದಲಿಸದಿರುವುದು: ಹೊರಮೈಗೆ ಅಂಟಿದ ಸೀರಂ ಮುಂದಿನ ಟ್ಯೂಬಿಗೂ ಹೋಗಿ ಟೈಟರ್ (ಪ್ರತಿಕಾಯದ ಅಳತೆ) ಸುಳ್ಳೇ ಏರುತ್ತದೆ. 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟಾಗ, ಪ್ರತಿಕಾಯ ಇದ್ದರೆ, ಬ್ಯಾಕ್ಟೀರಿಯಾದ ಮೈಯ ಓ ಪ್ರತಿಜನಕ ಗಂಟುಕಟ್ಟಿ ತಳದಲ್ಲಿ ಹರಳುಹರಳಾಗಿ ಕೂರುತ್ತದೆ, ಅದರ ಚಾವಟಿಯ ಎಚ್ ಹತ್ತಿಯ ಎಳೆಯಂತೆ ಸಡಿಲವಾಗಿ. ಸೀರಂ ಇಲ್ಲದ ಕಂಟ್ರೋಲ್ ಟ್ಯೂಬಿನಲ್ಲೂ ಗಂಟು ಕಂಡರೆ ಪ್ರತಿಜನಕ ಕೆಟ್ಟಿದೆ. ಇಡೀ ಸಾಲು ಚೆಲ್ಲಿ. ಮೊದಲ ಒಂದೆರಡು ಟ್ಯೂಬು ತಿಳಿಯಾಗಿದ್ದು ಮುಂದಿನವು ಗಂಟಾಗಿದ್ದರೆ ಗಾಬರಿ ಬೇಡ, ಅಲ್ಲಿ ಪ್ರತಿಕಾಯ ವಿಪರೀತವಾಗಿದೆ: ಪ್ರೋಜೋನ್. ಇದಕ್ಕೆ ರೋಗಿಗಳ ಸೀರಂ ತರಬೇಡಿ. ಹೆಪಟೈಟಿಸ್ ಬಿ ಅಪಾಯವಿದೆ, ಕಿಟ್ ಜೊತೆ ಬರುವ ಕಂಟ್ರೋಲ್ ಸೀರಂ ಸಾಕು.

ನಮ್ಮದೇ ಜಿಲ್ಲೆಯ ಸೆಮಿನಾರ್ ವಿಷಯವೊಂದಿದೆ: 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಹಳೆಯ ಲಸಿಕೆ. ಫಾರ್ಮಲಿನ್‌ನಿಂದ ಕೊಂದ ವೈರಸ್ಸು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದು ಕೊಡುತ್ತಿದ್ದರು. ನೆನಪು ಯಾಕೆ ನಿಲ್ಲಲಿಲ್ಲ ಎಂದು ಕೇಳಿದರೆ ತರಗತಿ ತಾನಾಗಿ ಮಾತಾಡುತ್ತದೆ. ಉರಿಯೂತ ಹೇಗೆ ಆರುತ್ತದೆ ಎಂಬ ಪಾಠವೂ ಬೇಕು. ನಿರೋಧಕ ಪಡೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳ ಕುರಿತ ಸಂಶೋಧನೆಗೆ 2025ರ ನೊಬೆಲ್ ಬಂದಿದೆ. ‘ಇಮ್ಯೂನಿಟಿ ಹೆಚ್ಚಿಸುವ’ ಪುಡಿಗಳ ಜಾಹೀರಾತು ಕಂಡಾಗ, ಯಾವ ಕೋಶವನ್ನು, ಎಷ್ಟು ದಿನ, ನಿಲ್ಲಿಸುವವರು ಯಾರು ಎಂದು ಕೇಳುವಷ್ಟು ಧೈರ್ಯ ಅದರಿಂದಲೇ ಬರಬೇಕು.

ಪ್ರಶ್ನೆಪತ್ರಿಕೆ ಬದಲಾಗದೆ ಪಾಠ ಬದಲಾಗದು. ಅಧ್ಯಯನ ಮಂಡಳಿಗಳು ‘ಪ್ರತಿಕಾಯದ ಚಿತ್ರ ಬರೆದು ಭಾಗ ಗುರುತಿಸಿ’ ಎಂಬುದರ ಜಾಗದಲ್ಲಿ ಇಂಥದೊಂದನ್ನು ಇಟ್ಟು ನೋಡಲಿ: ‘ಜ್ವರದ 3ನೇ ದಿನ ಎನ್‌ಎಸ್‌1 ಪಾಸಿಟಿವ್, ಐಜಿಎಂ ನೆಗೆಟಿವ್, ಐಜಿಜಿ ಬಹಳ ಹೆಚ್ಚು. ಇದು ರೋಗಿಗೆ ಮೊದಲ ಡೆಂಗಿಯೇ, ಎರಡನೆಯದೇ? ದಿನಗಳ ಗ್ರಾಫ್ ಬಿಡಿಸಿ ಕಾರಣ ಕೊಡಿ. 5 ಅಂಕ.’

– ಸೂಕ್ಷ್ಮಜೀವಿ ವಿಜ್ಞಾನದ ಕೆಲವು ಬೋಧಕರು, ಶಿವಮೊಗ್ಗ